ಬೈಕ್ ಸ್ಪೀಕರ್ ಕೈಕೊಟ್ಟಾಗ: ಸದ್ದಿನ ದೋಷದ ಮೂಲ ಹುಡುಕುವ ಕ್ರಮ

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಗಾಡಿ ಓಡಿಸುತ್ತ ಹಾಡು ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಕಾರ್ಖಾನೆಯಲ್ಲೇ ಸ್ಪೀಕರ್ ಅಳವಡಿಸಿದ ದೊಡ್ಡ ಟೂರಿಂಗ್ ಬೈಕು ಅಥವಾ ಎಲೆಕ್ಟ್ರಿಕ್ ಸ್ಕೂಟರ್ ಉಳ್ಳವರು ಕೆಲವರು. ಆಟೊಮೊಬೈಲ್ ಅಂಗಡಿಯಲ್ಲಿ ಸಿಗುವ ಆಂಪ್ಲಿಫೈಯರ್ ಸಹಿತದ ಜೋಡಿ ಸ್ಪೀಕರನ್ನು ಹ್ಯಾಂಡಲ್‌ಗೋ ಲೆಗ್‌ಗಾರ್ಡ್‌ಗೋ ಮುಂದಿನ ವೈಸರ್ ಒಳಗೋ ಕೂರಿಸಿಕೊಂಡವರು ಹೆಚ್ಚಿನವರು. ಸದ್ದು ಕೆಟ್ಟಾಗ ಇಬ್ಬರಿಗೂ ಸಿಗುವ ಉತ್ತರ ಮಾತ್ರ ಒಂದೇ: “ಸ್ಪೀಕರ್ ಹೋಗೇತ್ರಿ ಅಣ್ಣಾರ, ಬ್ಯಾರೇದು ಹಾಕಿಸ್ರಿ.” ಹೊಸದನ್ನು ಹಾಕಿಸಿದ ಮೇಲೂ ಅದೇ ಕರಕರ, ಅದೇ ಕೂಗು ಮುಂದುವರಿಯುವುದು ಅಪರೂಪವಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್, ರಿಲೇ (ಕೀಯ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚುವ ಸ್ವಿಚ್), ಆಂಪ್ಲಿಫೈಯರ್‌ಗಳನ್ನು ದಾಟಿ ಕಟ್ಟಕಡೆಗೆ ಸ್ಪೀಕರನ್ನು ಮುಟ್ಟುತ್ತದೆಯಾದ್ದರಿಂದ, ಹಿಂದೆ ಎಲ್ಲಿ ಏನು ತಪ್ಪಿದರೂ ಅದು ಹೊರಬರುವುದು ಸ್ಪೀಕರಿನ ಬಾಯಿಂದಲೇ. ಆದಕಾರಣ ಸ್ಪೀಕರ್ ಬದಲಿಸುವುದು ಪರೀಕ್ಷೆಯ ಕೊನೆಯ ಹೆಜ್ಜೆಯಾಗಬೇಕೇ ಹೊರತು ಮೊದಲನೆಯದಲ್ಲ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, 1.5 ವೋಲ್ಟ್‌ನ ಒಂದು ಪೆನ್ಸಿಲ್ ಸೆಲ್, ಒಂದು ಮೀಟರ್ ವೈರು, ಒಂದು ಚೂರು ಸ್ಯಾಂಡ್‌ಪೇಪರ್ ಇದ್ದರೆ ಮನೆಯ ಅಂಗಳದಲ್ಲೇ ಮುಕ್ಕಾಲು ಪಾಲು ಪರೀಕ್ಷೆ ಮುಗಿಯುತ್ತದೆ.

ಮೊದಲು ಗಾಡಿಯನ್ನು ಕೇಳಿ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಸದ್ದನ್ನು ಮೂರು ಸ್ಥಿತಿಗಳಲ್ಲಿ ಕೇಳಬೇಕು. ಎಂಜಿನ್ ಬಂದ್ ಇದ್ದು ಕೀ ಮಾತ್ರ ಆನ್ ಇರುವಾಗ ಒಮ್ಮೆ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಎಂಜಿನ್ ಓಡಿಸುತ್ತ ಆಕ್ಸಿಲರೇಟರನ್ನು ಏರಿಸಿ ಇಳಿಸುವಾಗ ಇನ್ನೊಮ್ಮೆ. ರಸ್ತೆಯ ಮೇಲೆ ಓಡುವಾಗ ಮತ್ತೊಮ್ಮೆ. ಮೂರು ಸಲವೂ ಒಂದೇ ಹಾಡು, ಒಂದೇ ವಾಲ್ಯೂಮ್ ಇರಬೇಕು, ಫೋನಿನ ಈಕ್ವಲೈಜರ್ ಬಂದ್ ಆಗಿರಬೇಕು. ಹಾಡಿನ ಆಯ್ಕೆಯೂ ಮುಖ್ಯ. ಹಾರ್ಮೋನಿಯಂ, ತಬಲಾ, ತಾಳ, ಮನುಷ್ಯನ ಕಂಠ ಎಲ್ಲವೂ ಬಿಡಿಬಿಡಿಯಾಗಿ ಕೇಳುವ ಭಜನಾ ಪದವೋ ತತ್ವಪದವೋ ಇದಕ್ಕೆ ಬಹಳ ಅನುಕೂಲ. ಎಲ್ಲ ವಾದ್ಯಗಳೂ ಒಮ್ಮೆಗೇ ಮೇಲೆ ಬೀಳುವ ಡಿಜೆ ಹಾಡಿನಲ್ಲಿ ಕರಕರ ಯಾವುದು, ವಾದ್ಯ ಯಾವುದು ಎಂದು ಕಿವಿಗೆ ತಿಳಿಯುವುದಿಲ್ಲ.

ಎಂಜಿನ್ ಬಂದ್ ಇದ್ದಾಗಲೂ ದೋಷ ಕೇಳಿಸಿದರೆ ಅದು ಫೋನು, ಆಂಪ್ಲಿಫೈಯರ್, ಸ್ಪೀಕರ್ ಅಥವಾ ಇವುಗಳ ನಡುವಿನ ಜಾಯಿಂಟಿನಲ್ಲಿದೆ. ಎಂಜಿನ್ ಶುರುವಾದ ಮೇಲಷ್ಟೇ ಕೇಳಿಸಿದರೆ ಚಾರ್ಜಿಂಗ್, ಸ್ಪಾರ್ಕ್ ಪ್ಲಗ್, ಅರ್ತಿಂಗ್ ಇವುಗಳಲ್ಲಿ ಒಂದನ್ನು ಹಿಡಿಯಬೇಕು. ರಸ್ತೆಯ ಮೇಲೆ ಮಾತ್ರ ಕೇಳಿಸಿದರೆ ಕಾರಣ ಅದುರುವಿಕೆ, ಹ್ಯಾಂಡಲ್ ತಿರುವು ಅಥವಾ ಬರಿಯ ಗಾಳಿ. ಈ ವಿಂಗಡಣೆ ಮಾಡದೆ ವೈರಿಂಗ್ ಬಿಚ್ಚಿದವರು ಸರಿಯಿದ್ದ ಜಾಯಿಂಟುಗಳನ್ನೂ ಕೆಡಿಸಿಕೊಳ್ಳುತ್ತಾರೆ.

ಇನ್ನೂ ಒಂದು ಮಾತು. ಕರೆ ಬಂದರೆ ಕೇಳುತ್ತದೆ, ಹಾಡು ಮಾತ್ರ ಕೇಳುವುದಿಲ್ಲ ಎಂಬ ದೂರು ಗಾಡಿಯದ್ದಲ್ಲ, ಫೋನಿನದು. ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಆ ಸಾಧನದ ಎದುರು ‘ಮೀಡಿಯಾ ಆಡಿಯೊ’ ಬಂದ್ ಆಗಿರುತ್ತದೆ, ಇಲ್ಲವೇ ಹಾಡು ಹೆಲ್ಮೆಟ್‌ನ ಇಂಟರ್‌ಕಾಮ್‌ಗೆ ಹೋಗುತ್ತಿರುತ್ತದೆ. ಹಾಗೆಯೇ ಕಾರ್ಖಾನೆಯ ಸ್ಪೀಕರ್ ಇರುವ ಅನೇಕ ಟೂರಿಂಗ್ ಬೈಕುಗಳಲ್ಲಿ ವೇಗಕ್ಕೆ ತಕ್ಕಂತೆ ವಾಲ್ಯೂಮನ್ನು ತಾನೇ ಏರಿಸುವ ಸೆಟ್ಟಿಂಗ್ ಇರುತ್ತದೆ. ಅದು ಬಂದ್ ಆದರೆ ಸ್ಪೀಕರ್ ಸೊರಗಿದಂತೆ ಅನ್ನಿಸುತ್ತದೆ. ಇವೆರಡನ್ನೂ ಮೊದಲೇ ನೋಡಿಬಿಡುವುದು ಒಳ್ಳೆಯದು.

ಸದ್ದೇ ಇಲ್ಲದಿದ್ದಾಗ

ಆಂಪ್ಲಿಫೈಯರಿನ ದೀಪವೂ ಹತ್ತದಿದ್ದರೆ ಸ್ಪೀಕರ್ ಮುಟ್ಟುವ ಅಗತ್ಯವೇ ಇಲ್ಲ. ಫ್ಯೂಸಿನಿಂದ ಆರಂಭಿಸಿ. ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ ‘ಚೆನ್ನಾಗಿದೆ’ ಎಂದು ತೀರ್ಮಾನಿಸಬಾರದು. ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಬೀಳುವುದಿಲ್ಲ. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಇಟ್ಟು, ಕೆಂಪು ಕಡ್ಡಿಯಿಂದ ಫ್ಯೂಸಿನ ಎರಡೂ ಬದಿ ಮುಟ್ಟಿದಾಗ ಎರಡೂ ಕಡೆ 12 ವೋಲ್ಟ್‌ನ ಆಸುಪಾಸು ತೋರಿಸಬೇಕು. ಒಂದೇ ಕಡೆ ತೋರಿಸಿದರೆ ಫ್ಯೂಸ್ ಹೋಗಿದೆ.

ಹೋದ ಫ್ಯೂಸಿನ ಜಾಗಕ್ಕೆ ದೊಡ್ಡದನ್ನು ಹಾಕುವುದು, ಅದೂ ಸಿಗದಿದ್ದರೆ ತಂತಿ ಸುತ್ತುವುದು ನಮ್ಮಲ್ಲಿ ಬಹಳ ಹಳೆಯ ಚಾಳಿ. ಎಷ್ಟು ಆಂಪಿಯರ್ ಬೇಕು ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು: ತಲಾ 20 ವ್ಯಾಟ್‌ನ ಎರಡು ಚಾನೆಲ್ ಎಂದರೆ 40 ವ್ಯಾಟ್, ಕ್ಲಾಸ್–ಡಿ (ಕರೆಂಟು ಕಡಿಮೆ ಪೋಲು ಮಾಡುವ ಬಗೆಯ) ಆಂಪ್ಲಿಫೈಯರ್ ಶೇ. 85ರಷ್ಟು ದಕ್ಷವೆಂದು ಹಿಡಿದರೆ ಅದು ಎಳೆಯುವುದು ಸುಮಾರು 47 ವ್ಯಾಟ್. 12 ವೋಲ್ಟ್‌ನಲ್ಲಿ ಇದು ಸುಮಾರು 4 ಆಂಪಿಯರ್. ಅಂದರೆ ಕಂದು ಬಣ್ಣದ 7.5 ಆಂಪಿಯರ್ ಫ್ಯೂಸ್ ಧಾರಾಳವಾಯಿತು. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ಕೂಡ ಸುಡುತ್ತಿದ್ದರೆ ಎಲ್ಲೋ ವೈರು ಚಾಸಿಗೆ ತಾಗುತ್ತಿದೆ ಎಂದೇ ಅರ್ಥ. ಡಬ್ಬಿಯ ಮೇಲೆ ಅಚ್ಚಾದ ‘1000 ವ್ಯಾಟ್’ ನೋಡಿ 30 ಆಂಪಿಯರ್ ಫ್ಯೂಸ್ ಹಾಕಿಸಿಕೊಳ್ಳುವವರೂ ಇದ್ದಾರೆ. ಸಾವಿರ ವ್ಯಾಟ್‌ಗೆ 80 ಆಂಪಿಯರ್‌ಗೂ ಹೆಚ್ಚು ಕರೆಂಟು ಬೇಕು, ಅಷ್ಟನ್ನು ಯಾವ ಬೈಕಿನ ಚಾರ್ಜಿಂಗ್ ವ್ಯವಸ್ಥೆಯೂ ಕೊಡಲಾರದು; ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇಲ್ಲದ ಆಂಪ್ಲಿಫೈಯರ್ 14 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರಿಗೆ ಶುದ್ಧವಾಗಿ ಕೊಡಬಲ್ಲದ್ದು ಚಾನೆಲ್ಲಿಗೆ 20ರಿಂದ 24 ವ್ಯಾಟ್ ಮಾತ್ರ.

ಫ್ಯೂಸ್ ಸರಿಯಿದ್ದರೆ ರಿಲೇ ನೋಡಿ. ನಾಲ್ಕು ಕಾಲಿನ ಸಾಮಾನ್ಯ ರಿಲೇಯಲ್ಲಿ 85 ಮತ್ತು 86 ಕಾಯಿಲಿನ ಕಾಲುಗಳು, 30ಕ್ಕೆ ಬ್ಯಾಟರಿಯಿಂದ ಬರುವ ವೈರು, 87ರಿಂದ ಆಂಪ್ಲಿಫೈಯರಿಗೆ ಹೋಗುವ ವೈರು. ಕೀ ಆನ್ ಮಾಡಿದಾಗ ‘ಟಕ್’ ಎಂದು ಸದ್ದಾಗಿಯೂ 87ರಲ್ಲಿ ವೋಲ್ಟೇಜ್ ಬಾರದಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಟಕ್ ಎನ್ನದೇ ಇದ್ದರೆ 85–86ಕ್ಕೆ ಕೀಯಿಂದ ಕರೆಂಟು ಬರುತ್ತಿಲ್ಲ, ಇಲ್ಲವೇ ಕಾಯಿಲ್ ಕಡಿದಿದೆ.

ದೀಪ ಹತ್ತಿದೆ, ಒಂದು ಬದಿ ಮಾತ್ರ ಮೂಕವಾಗಿದೆ ಎಂದಾದರೆ ಆಂಪ್ಲಿಫೈಯರ್ ಬಂದ್ ಮಾಡಿ, ಅದರ ತುದಿಯಲ್ಲಿ ಎಡ ಬಲ ಸ್ಪೀಕರುಗಳ ವೈರನ್ನು ಅದಲು ಬದಲು ಮಾಡಿ ಮತ್ತೆ ಕೇಳಿ. ಮೊದಲು ಮೂಕವಾಗಿದ್ದ ಸ್ಪೀಕರೇ ಈಗಲೂ ಮೂಕವಾಗಿದ್ದರೆ ದೋಷ ಆ ಸ್ಪೀಕರಿನಲ್ಲೋ ಅದರ ವೈರಿನಲ್ಲೋ ಇದೆ. ಮೌನ ಇನ್ನೊಂದು ಬದಿಗೆ ಜಿಗಿದರೆ ಆಂಪ್ಲಿಫೈಯರಿನ ಚಾನೆಲ್ ಹೋಗಿದೆ. ಸ್ಪೀಕರಿನದೇ ಎಂದಾದಾಗ ಎರಡೂ ವೈರು ಕಳಚಿ ಓಮ್ ಅಳೆಯಿರಿ. 4 ಓಮ್ ಎಂದು ಬರೆದ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8ರವರೆಗೆ ತೋರಿಸುವುದು ಸಹಜ, ಅದನ್ನು ದೋಷವೆಂದು ಎಣಿಸಬಾರದು. ಏನೂ ತೋರಿಸದಿದ್ದರೆ ಸ್ಪೀಕರಿನೊಳಗಿನ ತಂತಿಯ ಸುರುಳಿ (ಕಾಯಿಲ್) ಕಡಿದಿದೆ, ಸೊನ್ನೆಗೆ ಸಮೀಪ ತೋರಿಸಿದರೆ ಸುಟ್ಟು ಶಾರ್ಟ್ ಆಗಿದೆ.

ಸ್ಪೀಕರಿನ ಮೈನಸ್ ವೈರನ್ನು ಚಾಸಿಗೆ ಕೊಟ್ಟು ವೈರು ಉಳಿಸುವ ಪದ್ಧತಿ ಕೆಲವು ಕಡೆ ಇದೆ. ಈಗಿನ ಬಹುತೇಕ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿನ ಎರಡೂ ತುದಿಗೆ ಸಿಗ್ನಲ್ ಬರುತ್ತದೆ. ಅದರಲ್ಲೊಂದು ಚಾಸಿಗೆ ತಾಗಿದರೆ ಆಂಪ್ಲಿಫೈಯರ್ ತನ್ನನ್ನು ತಾನು ಬಂದ್ ಮಾಡಿಕೊಳ್ಳುತ್ತದೆ, ಅಗ್ಗದ್ದಾದರೆ ಸುಟ್ಟೇ ಹೋಗುತ್ತದೆ.

ಹ್ಯಾಂಡಲ್ ತಿರುಗಿಸಿದಾಗ ಸದ್ದು ಬಂದು ಹೋಗಿ ಆಗುವುದು ಬೇರೆಯೇ ಕಥೆ. ಹ್ಯಾಂಡಲ್ ಮೇಲಿನ ಸ್ಪೀಕರಿಗೆ ಹೋಗುವ ವೈರು ಹೆಡ್‌ಲೈಟ್ ಹಿಂದೆ, ಫೋರ್ಕಿನ ಕುತ್ತಿಗೆಯ ಬಳಿ ದಿನವಿಡೀ ಮಡಚಿ ಬಿಚ್ಚಿಕೊಳ್ಳುತ್ತಿರುತ್ತದೆ. ಮೇಲಿನ ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇರುತ್ತದೆ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿರುತ್ತವೆ. ಆ ಜಾಗದಲ್ಲಿ ವೈರನ್ನು ಎರಡು ಬೆರಳಿನಿಂದ ಹಿಡಿದು ಮೆಲ್ಲಗೆ ಜಗ್ಗಿದರೆ, ಎಳೆ ಕಡಿದ ಕಡೆ ಪ್ಲಾಸ್ಟಿಕ್ ಹಿಗ್ಗಿ ಸಣ್ಣಗಾಗುವುದು ಕಾಣಿಸುತ್ತದೆ. ತಾಮ್ರ ಇರುವ ಕಡೆ ಅದು ಹಿಗ್ಗುವುದಿಲ್ಲ. ಬರೀ ಬೆಸುಗೆ ಹಾಕಿ ಬಿಟ್ಟರೆ ಬೆಸುಗೆಯ ಅಂಚಿನಲ್ಲೇ ಮತ್ತೆ ಕಡಿಯುತ್ತದೆ. ಹೊಸ ವೈರನ್ನು ಅಗಲವಾದ ಬಳಸಿನಲ್ಲಿ ಒಯ್ದು, ಎಳೆ ಸಣ್ಣದಾದ ಮೆತ್ತನೆಯ ವೈರನ್ನೇ ಬಳಸಿ, ಜಾಯಿಂಟನ್ನು ಮಡಚದ ಜಾಗದಲ್ಲಿ ಇಡಬೇಕು. ಇನ್ಸುಲೇಷನ್ ಟೇಪಿನ ಬಗ್ಗೆ ಹೇಳುವುದಾದರೆ, ರಾಯಚೂರಿನ ಬೇಸಿಗೆಯಲ್ಲಿ ಅದರ ಅಂಟು ಕರಗಿ ಜಾರುತ್ತದೆ, ಜಾಯಿಂಟು ಬರಿದಾಗುತ್ತದೆ. ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆಯೇ ಇಲ್ಲಿಗೆ ಸರಿ.

ಡೋಲಿನ ಪೆಟ್ಟಿಗೆ ಕಡಿದು ಹೋಗುವ ಸದ್ದು

ಹಾಡು ಚೆನ್ನಾಗಿಯೇ ಬರುತ್ತಿದ್ದು, ಡೋಲು ಜೋರಾಗಿ ಬಿದ್ದಾಗಲೆಲ್ಲ ಅರೆಗಳಿಗೆ ನಿಂತು ಮತ್ತೆ ಶುರುವಾದರೆ, ಅಥವಾ ಆಂಪ್ಲಿಫೈಯರೇ ಬಂದ್ ಆಗಿ ಮತ್ತೆ ‘ಕನೆಕ್ಟೆಡ್’ ಎಂದು ಹೇಳಿದರೆ, ಅದಕ್ಕೆ ಸಿಗಬೇಕಾದ ವೋಲ್ಟೇಜ್ ಸಿಗುತ್ತಿಲ್ಲ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ತುಂಬಿದೆ ಎಂದು ಲೆಕ್ಕ. 12ರ ಹತ್ತಿರ ಇದ್ದರೆ ಬರಿದಾಗಿದೆ. ಎಂಜಿನ್ ಸ್ವಲ್ಪ ಏರಿಸಿದಾಗ 13.5ರಿಂದ 14.5ರ ನಡುವೆ ಇರಬೇಕು. ಎಷ್ಟು ಏರಿಸಿದರೂ 13 ದಾಟದಿದ್ದರೆ ಚಾರ್ಜಿಂಗ್ ದೋಷವಿದೆ. 15 ದಾಟಿದರೆ ಆರ್‌ಆರ್ ಯೂನಿಟ್ (ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ರೆಕ್ಟಿಫೈಯರ್) ಕೆಟ್ಟಿದೆ, ಹಾಡು ಬಿಟ್ಟು ಮೊದಲು ಅದನ್ನು ನೋಡಿಸಬೇಕು, ಇಲ್ಲವಾದರೆ ಆಂಪ್ಲಿಫೈಯರಿನ ಜೊತೆ ಬ್ಯಾಟರಿಯೂ ಹಾಳಾಗುತ್ತದೆ.

2017ರ ಏಪ್ರಿಲ್‌ನಿಂದ ಬಂದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಶುರುವಾದೊಡನೆ ಹೆಡ್‌ಲೈಟೂ ಹತ್ತಿಯೇ ಇರುತ್ತದೆಂಬುದನ್ನು ಇಲ್ಲಿ ನೆನಪಿಡಬೇಕು. ಗಾಡಿ ನಿಂತಲ್ಲೇ ನಿಂತು ಐಡಲ್‌ನಲ್ಲಿ ಓಡುವಾಗ ಚಾರ್ಜಿಂಗ್ ಕಡಿಮೆ, ಖರ್ಚು ಮಾತ್ರ ಅಷ್ಟೇ. ರೈಲ್ವೆ ಗೇಟಿನಲ್ಲಿ, ಜಾತ್ರೆಯ ಜನಜಂಗುಳಿಯಲ್ಲಿ ಸದ್ದು ಕಡಿಯುವ ಗಾಡಿ ಹೆದ್ದಾರಿಯಲ್ಲಿ ಸರಿಹೋಗುವುದು ಇದೇ ಕಾರಣಕ್ಕೆ. ಇದು ಕೆಟ್ಟದ್ದರ ಗುರುತಲ್ಲ, ಗಾಡಿಯ ಮಿತಿ. ನಿಂತಾಗ ವಾಲ್ಯೂಮ್ ಇಳಿಸುವುದೇ ಪರಿಹಾರ.

ಬ್ಯಾಟರಿ ಚೆನ್ನಾಗಿದ್ದೂ ಸದ್ದು ಕಡಿಯುತ್ತಿದ್ದರೆ ದಾರಿಯಲ್ಲಿ ವೋಲ್ಟೇಜ್ ಸೋರುತ್ತಿದೆ. ಹಾಡನ್ನು ಜೋರಾಗಿ ಹಚ್ಚಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಆಂಪ್ಲಿಫೈಯರಿನ ಪ್ಲಸ್‌ಗೂ ಇಡಿ, 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ಅದೇ ರೀತಿ ಎರಡೂ ಮೈನಸ್‌ಗಳ ನಡುವೆ 0.1 ವೋಲ್ಟ್‌ನ ಆಚೀಚೆ ಇರಬೇಕು. ಹೆಚ್ಚು ತೋರಿಸಿದ ಕಡೆ ಸಡಿಲ ಜಾಯಿಂಟು, ತುಕ್ಕು ಅಥವಾ ತೀರ ತೆಳು ವೈರು ಇದೆ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಹೇಳುವ ಅಳತೆ ಬೇರೊಂದಿಲ್ಲ. ಆದರೂ ವೈರಿಂಗ್ ಅಂಗಡಿಗಳಲ್ಲಿ ಇದನ್ನು ಮಾಡುವವರು ವಿರಳ.

ಎಂಜಿನ್ ಜೊತೆ ಏರುವ ಕೂಗು

ಆಕ್ಸಿಲರೇಟರ್ ತಿರುವಿದಂತೆ ‘ಕುಂಯ್’ ಎಂದು ಏರಿ, ಬಿಟ್ಟಂತೆ ಇಳಿಯುವ ಕೂಗು ಚಾರ್ಜಿಂಗ್ ವ್ಯವಸ್ಥೆಯದು. ಬೈಕಿನ ಆಲ್ಟರ್ನೇಟರ್ ಹುಟ್ಟಿಸುವುದು ಎಸಿ ಕರೆಂಟು. ಆರ್‌ಆರ್ ಯೂನಿಟ್ ಅದನ್ನು ಡಿಸಿ ಮಾಡಿದರೂ ಅದರಲ್ಲಿ ಒಂದಿಷ್ಟು ಏರಿಳಿತ ಉಳಿಯುತ್ತದೆ. ಆ ಏರಿಳಿತ ಆಡಿಯೊ ದಾರಿಗೆ ನುಸುಳಿದಾಗ ಕೂಗಾಗಿ ಕೇಳುತ್ತದೆ. ಇದಕ್ಕಿಂತ ಬೇರೆಯಾದದ್ದು ‘ಟಿಕ್ ಟಿಕ್ ಟಿಕ್’ ಎಂಬ ಬಿಡಿ ಸದ್ದು, ಅದು ಸ್ಪಾರ್ಕಿನದು.

ಕೂಗಿನ ಮೂಲ ಹುಡುಕಲು ಮೊದಲು ಆಕ್ಸ್ ವೈರನ್ನು (ಫೋನಿನಿಂದ ಹಾಡು ತರುವ ವೈರು) ಆಂಪ್ಲಿಫೈಯರಿನಿಂದ ಕಿತ್ತು ಕೇಳಿ. ಆಗಲೂ ಕೂಗಿದರೆ ಅದು ಕರೆಂಟಿನ ದಾರಿಯಲ್ಲಿ ಬರುತ್ತಿದೆ. ಕಿತ್ತಾಗ ನಿಂತರೆ ವೈರನ್ನು ಮತ್ತೆ ಹಾಕಿ, ಫೋನನ್ನು ಗಾಡಿಯ ಯುಎಸ್‌ಬಿ ಚಾರ್ಜರಿನಿಂದ ಕಳಚಿ ನೋಡಿ. ಚಾರ್ಜರ್ ತೆಗೆದೊಡನೆ ಕೂಗು ಮಾಯವಾದರೆ ಫೋನಿಗೆ ಎರಡು ಕಡೆಯಿಂದ ಅರ್ತ್ ಸಿಗುತ್ತಿದೆ: ಚಾರ್ಜರಿನಿಂದ ಒಂದು, ಆಕ್ಸ್ ವೈರಿನಿಂದ ಇನ್ನೊಂದು. ಎರಡರ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸವೇ ಆಡಿಯೊದ ಮೇಲೆ ಸವಾರಿ ಮಾಡುತ್ತದೆ. ಆಕ್ಸ್ ಬಿಟ್ಟು ಬ್ಲೂಟೂತ್‌ನಲ್ಲಿ ಹಾಡು ಹಚ್ಚಿದರೆ ಈ ಸುತ್ತು ತಾನೇ ಕಡಿಯುತ್ತದೆ. ಆಕ್ಸೇ ಬೇಕೆನ್ನುವವರು ನಡುವೆ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿ ಹಾಕಿಕೊಳ್ಳಬಹುದು.

ಕರೆಂಟಿನ ದಾರಿಯಲ್ಲೇ ಬರುವ ಕೂಗಿಗೆ ಹತ್ತರಲ್ಲಿ ಎಂಟು ಸಲ ಅರ್ತ್ ವೈರೇ ಕಾರಣ ಎನ್ನಬಹುದು. ಕಂಡ ನಟ್ಟಿಗೆ ಸುತ್ತಿದ ಅರ್ತ್ ವೈರಿನ ಕೆಳಗೆ ಚಾಸಿಯ ಬಣ್ಣ ಹಾಗೇ ಇರುತ್ತದೆ. ಬಣ್ಣ ಕರೆಂಟು ಬಿಡುವುದಿಲ್ಲ, ನಟ್ಟಿನ ಎಳೆಗಳ ಮೂಲಕ ಅಷ್ಟಿಷ್ಟು ಹಾದು ಹೋಗುತ್ತದೆ. ಪರೀಕ್ಷೆಗೆ ಒಂದು ಮೀಟರ್ ವೈರು ಸಾಕು: ಆಂಪ್ಲಿಫೈಯರಿನ ಅರ್ತ್‌ನಿಂದ ನೇರವಾಗಿ ಬ್ಯಾಟರಿಯ ಮೈನಸ್‌ಗೆ ತಾತ್ಕಾಲಿಕವಾಗಿ ಮುಟ್ಟಿಸಿ. ಕೂಗು ಥಟ್ಟನೆ ಇಳಿದರೆ ಆ ದಾರಿಯನ್ನೇ ಕಾಯಂ ಮಾಡಿಬಿಡಿ. ಇಳಿಯದಿದ್ದರೆ ಆಡಿಯೊ ವೈರು, ಪವರ್ ವೈರು ಒಂದೇ ಕಟ್ಟಿನಲ್ಲಿ ಹೋಗಿವೆಯೇ ನೋಡಿ. ಅವೆರಡನ್ನೂ ಚಾಸಿಯ ಬೇರೆ ಬೇರೆ ಬದಿಯಿಂದ ಒಯ್ಯಬೇಕು, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಬೇಕು.

ಟಿಕ್ ಟಿಕ್ ಸದ್ದು ಪ್ಲಗ್ ಬದಲಿಸಿದ ಮೇಲೆ ಶುರುವಾಗಿದ್ದರೆ ಹೊಸ ಪ್ಲಗ್ ಸ್ಪಾರ್ಕಿನ ಗದ್ದಲ ತಗ್ಗಿಸುವ ರೆಸಿಸ್ಟರ್ ಇರುವುದೇ ಎಂದು ನೋಡಿ. ಎನ್‌ಜಿಕೆ ಮಾದರಿಯ ಸಂಕೇತಗಳಲ್ಲಿ ‘ಆರ್’ ಅಕ್ಷರವಿದ್ದರೆ ಒಳಗೆ ಸುಮಾರು 5 ಕಿಲೋ ಓಮ್ ರೆಸಿಸ್ಟರ್ ಇದೆ. ಎಫ್‌ಎಂ ಹಚ್ಚಿದಾಗ ಮಾತ್ರ ಗದ್ದಲವಿದ್ದು ಬ್ಲೂಟೂತ್‌ನಲ್ಲಿ ಸದ್ದು ಶುದ್ಧವಾಗಿದ್ದರೆ ತಪ್ಪು ಆಂಟೆನಾ ಹಿಡಿಯುತ್ತಿರುವ ಗದ್ದಲದ್ದು. ಅಂಗಡಿಯಲ್ಲಿ ಹಾಕಿಸಿಕೊಂಡ ಅಗ್ಗದ ಎಲ್‌ಇಡಿ ಹೆಡ್‌ಲೈಟ್ ಬಲ್ಬಿನ ಕಪ್ಲರ್ ಕಿತ್ತು ನೋಡಿದರೆ ಅರ್ಧ ಪ್ರಸಂಗಗಳು ಅಲ್ಲೇ ಬಗೆಹರಿಯುತ್ತವೆ. ಆಂಟೆನಾ ವೈರನ್ನು ಸುರುಳಿ ಸುತ್ತಿ ಟ್ಯಾಂಕಿನ ಕೆಳಗೆ ತುರುಕಿದ್ದರೆ ಹೊಸಪೇಟೆ ಆಕಾಶವಾಣಿ ಸಂಡೂರಿನ ಗುಡ್ಡದ ಮರೆಗೆ ಹೋದೊಡನೆ ಮಂಕಾಗುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಬಿಚ್ಚಿ ಉದ್ದಕ್ಕೆ, ಲೋಹದಿಂದ ದೂರ ಹಾಯಿಸಬೇಕು.

ಕರಕರ, ಮತ್ತು ನಮ್ಮ ಸೀಮೆಯ ಧೂಳು

ಬೇರೆ ಊರಿನ ಕೈಪಿಡಿಗಳು ಈ ದೋಷಕ್ಕೆ ಒಂದು ಸಾಲು ಕೊಟ್ಟು ಮುಗಿಸುತ್ತವೆ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಓಡುವವರಿಗೆ, ತೋರಣಗಲ್ಲಿನಲ್ಲಿ ಶಿಫ್ಟ್ ಮುಗಿಸಿ ಬರುವವರಿಗೆ, ಗಿಣಿಗೇರಾ ಸುತ್ತಿನ ಸ್ಪಾಂಜ್ ಐರನ್ ಕಾರ್ಖಾನೆಗಳ ಆಸುಪಾಸಿನವರಿಗೆ ಅಷ್ಟು ಸಾಲದು.

ಸ್ಪೀಕರಿನ ಹಿಂಭಾಗದಲ್ಲಿ ಆಯಸ್ಕಾಂತವಿದೆ. ಅದರ ನಡುವಿನ ಕಿರಿದಾದ ಸಂದಿಯಲ್ಲಿ ವಾಯ್ಸ್ ಕಾಯಿಲ್ ಹಿಂದೆ ಮುಂದೆ ಆಡುತ್ತದೆ. ಕಾಯಿಲಿನ ಎರಡು ಬದಿಗೂ ಉಳಿಯುವ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ. ಮಣ್ಣಿನ ಧೂಳು ಅಲ್ಲಿಗೆ ಹೋದರೆ ಅದುರಿ ಉದುರಲೂಬಹುದು. ಕಬ್ಬಿಣದ ಕಣ ಹೋದರೆ ಆಯಸ್ಕಾಂತ ಅದನ್ನು ಬಿಡುವುದಿಲ್ಲ. ಸಂಡೂರಿನ ಅದಿರಿನಲ್ಲಿ ಹೆಚ್ಚಿನದು ಹೆಮಟೈಟ್. ಅದನ್ನು ಸಾಮಾನ್ಯ ಆಯಸ್ಕಾಂತ ಬಲವಾಗಿ ಎಳೆಯುವುದಿಲ್ಲ. ಸ್ಪಾಂಜ್ ಐರನ್‌ನ ಪುಡಿ, ಉಕ್ಕು ಕಾಯಿಸುವ ಕಡೆ ಉದುರುವ ಚಕ್ಕೆ, ಗ್ರೈಂಡಿಂಗ್ ಪುಡಿ ಹಾಗಲ್ಲ, ಅವು ಹೋಗಿ ಅಂಟಿಕೊಳ್ಳುತ್ತವೆ. ಇಂಥ ಜಾಗದಲ್ಲಿ ಓಡಾಡಿದ ಗಾಡಿಯ ಸ್ಪೀಕರನ್ನು ಬಿಚ್ಚಿ ಹಿಂಬದಿ ನೋಡಿದರೆ ಆಯಸ್ಕಾಂತದ ಅಂಚಿಗೆ ಕಪ್ಪು ಬೂದು ಪುಡಿ ಸಣ್ಣ ಮುಳ್ಳುಗಳಂತೆ ಎದ್ದು ನಿಂತಿರುತ್ತದೆ. ಬೆರಳಿನಿಂದ ಒರೆಸಿದರೆ ಪಕ್ಕಕ್ಕೆ ಸರಿದು ಮತ್ತೆ ಹಾಗೆಯೇ ನಿಲ್ಲುತ್ತದೆ. ನಿಮ್ಮ ಗಾಡಿಯ ಧೂಳು ಯಾವ ಜಾತಿಯದೆಂದು ತಿಳಿಯಲು, ಒಂದು ಹಳೆಯ ಆಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಗ್ರಿಲ್ ಮೇಲಿನ ಧೂಳಿನ ಬಳಿ ಹಿಡಿಯಿರಿ. ಕಾಗದಕ್ಕೆ ಪುಡಿ ಹತ್ತಿದರೆ ಕಬ್ಬಿಣ.

ಕರಕರ ಧೂಳಿನದೋ ಬೇರೆಯದೋ ಎಂಬುದನ್ನು ಕಿವಿಯೇ ಹೇಳಬಲ್ಲದು. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ಗಾಡಿ ನಿಲ್ಲಿಸಿ, ವಾಲ್ಯೂಮ್ ತಗ್ಗಿಸಿ, 60 ಹರ್ಟ್ಸ್‌ನಿಂದ 400 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತ ಹೋಗಿ. ವಾಲ್ಯೂಮ್ ಕಡಿಮೆಯಿದ್ದಾಗಲೂ ಎಲ್ಲ ಸ್ವರದಲ್ಲೂ ಕೆರೆತ ಕೇಳಿದರೆ ಕಾಯಿಲ್ ಧೂಳಿಗೆ ಉಜ್ಜುತ್ತಿದೆ. ಯಾವುದೋ ಒಂದು ಸ್ವರ ಬಂದಾಗ ಮಾತ್ರ ‘ಜುಂಯ್’ ಎಂದು ಅದುರಿದರೆ ಸಡಿಲಾದ ಗ್ರಿಲ್ಲೋ ವೈಸರಿನ ಸ್ಕ್ರೂವೋ ನಂಬರ್ ಪ್ಲೇಟೋ ಹಾಡುತ್ತಿದೆ; ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿದರೆ ಕಳ್ಳ ಸಿಗುತ್ತಾನೆ. ಜೋರು ವಾಲ್ಯೂಮಿನಲ್ಲಷ್ಟೇ ಒಡೆದು ಕೇಳಿದರೆ ಸ್ಪೀಕರಿನದು ತಪ್ಪಲ್ಲ, ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ದುಡಿಯುತ್ತಿದೆ. ಕೊನೆಯ ಖಚಿತತೆಗೆ, ಎಲ್ಲ ಬಂದ್ ಮಾಡಿ, ಎರಡೂ ಕೈಗಳ ಬೆರಳ ತುದಿಯಿಂದ ಕೋನನ್ನು (ಸ್ಪೀಕರಿನ ಮುಂದೆ ಅದುರುವ ಬಟ್ಟಲಿನಂಥ ಭಾಗ) ಸುತ್ತಲೂ ಸಮನಾಗಿ ಮೆಲ್ಲಗೆ ಒತ್ತಿ ಬಿಡಿ. ಕಿವಿ ಹತ್ತಿರ ಇಟ್ಟಾಗ ಮರಳು ಉಜ್ಜಿದಂಥ ಸದ್ದು ಬಂದರೆ ಸಂದಿಯೊಳಗೆ ಕಣವಿದೆ. ಒಂದು ಬದಿ ಹೆಚ್ಚು ಒತ್ತಿದರೆ ಒಳ್ಳೆಯ ಸ್ಪೀಕರೂ ಉಜ್ಜುತ್ತದೆ, ಆ ಎಚ್ಚರ ಇರಲಿ.

ಸಂದಿಯೊಳಗೆ ಸೇರಿದ ಕಬ್ಬಿಣವನ್ನು ತೆಗೆಯಲು ನಡುವಿನ ಗುಬುಟು ಮುಚ್ಚಳವನ್ನು ಕತ್ತರಿಸಿ, ಅಂಟು ಹಚ್ಚಿದ ತೆಳು ಪಟ್ಟಿಯನ್ನು ಸಂದಿಯಲ್ಲಿ ಸುತ್ತ ಆಡಿಸಬೇಕು. ದುಬಾರಿ ಸ್ಪೀಕರಿಗಾದರೆ ಕೈಪಳಗಿದ ರಿಪೇರಿಯವರಿಂದ ಮಾಡಿಸಬಹುದು. ಅಂಗಡಿಯ ಸಾಮಾನ್ಯ ಜೋಡಿಗೆ ಆ ಶ್ರಮ ದಂಡ, ಸ್ಪೀಕರ್ ಬದಲಿಸಬೇಕಾದ ನಿಜವಾದ ಸಂದರ್ಭ ಇದೇ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಮಾತ್ರ ಹೊಡೆಸಬೇಡಿ. ಅದು ಹೊರಗಿನ ಧೂಳನ್ನು ಒಳಗೆ ತಳ್ಳುತ್ತದೆ, ಕಾಗದದ ಕೋನನ್ನು ಹರಿಯುತ್ತದೆ. ಹೊಸದು ಹಾಕುವಾಗ ಪಾಲಿಪ್ರೊಪಿಲೀನ್ ಕೋನ್ ಇರುವುದನ್ನು ಆರಿಸಿ, ಗ್ರಿಲ್ಲಿನ ಹಿಂದೆ ಉಸಿರು ಸರಾಗವಾಗಿ ಹಾಯುವಷ್ಟು ತೆಳುವಾದ ನೈಲಾನ್ ಬಟ್ಟೆ ಹಾಕಿ, ಹಿಂಬದಿ ತೆರೆದಿದ್ದರೆ ಅದಕ್ಕೂ ಅದೇ ಬಟ್ಟೆ ಕಟ್ಟಿ. ಹತ್ತಿ ಬಟ್ಟೆ ನೀರು ಹೀರಿ ಸದ್ದನ್ನು ಮುಚ್ಚುತ್ತದೆ.

ಗಂಗಾವತಿ, ಸಿಂಧನೂರು ಕಡೆಯ ಭತ್ತದ ಹೊಟ್ಟು, ರಾಯಚೂರಿನ ಹತ್ತಿಯ ನಾರು, ಶಕ್ತಿನಗರದ ಹಾರುಬೂದಿ ಇವುಗಳ ತೊಂದರೆ ಇಷ್ಟಿಲ್ಲ. ಅವು ಗ್ರಿಲ್ ಮೇಲೆ ಪದರಾಗಿ ಕೂತು ತೀಕ್ಷ್ಣ ಸ್ವರಗಳನ್ನು ಮಂಕು ಮಾಡುತ್ತವೆ. ಮೆತ್ತನೆಯ ಬ್ರಷ್ ಸಾಕು.

ಮಧ್ಯಾಹ್ನ ಮಾತ್ರ ನಿಲ್ಲುವ ಹಾಡು

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗಳಲ್ಲಿ ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ನಿಲ್ಲುವ ದೋಷಕ್ಕೆ ಎರಡೇ ಕಾರಣ. ಹ್ಯಾಂಡಲ್ ಮೇಲೆ ಬಿಸಿಲಿಗೆ ಒಡ್ಡಿದ ಫೋನು ಕಾದು ತನ್ನಷ್ಟಕ್ಕೇ ಬಂದ್ ಆಗಿರುತ್ತದೆ, ಇಲ್ಲವೇ ಆಂಪ್ಲಿಫೈಯರಿನ ಬಿಸಿರಕ್ಷಣೆ ಕೆಲಸ ಮಾಡಿರುತ್ತದೆ. ಫೋನನ್ನು ಜೇಬಿಗೆ ಹಾಕಿಕೊಂಡು ಅದೇ ಹೊತ್ತಿನಲ್ಲಿ ಓಡಿಸಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಆಂಪ್ಲಿಫೈಯರ್ ಸಿಲಿಂಡರಿನ ಬಿಸಿಗಾಳಿ ಬಡಿಯುವ ಜಾಗದಲ್ಲಿದ್ದರೆ ಸ್ಥಳ ಬದಲಿಸಬೇಕು. ಫೋನು ಹಿಂದಿನ ಜೇಬಿನಲ್ಲಿದ್ದು ಹಾಡು ತೊದಲಿದರೆ ಅದಕ್ಕೆ ಬಿಸಿಲು ಕಾರಣವಲ್ಲ; ಬ್ಲೂಟೂತ್‌ನ 2.4 ಗಿಗಾಹರ್ಟ್ಸ್ ಅಲೆಯನ್ನು ಮನುಷ್ಯನ ಮೈ ಹೀರಿಕೊಳ್ಳುತ್ತದೆ. ಮುಂದಿನ ಜೇಬಿಗೆ ಹಾಕಿಕೊಳ್ಳಿ.

ಬಾಸ್ ಇಲ್ಲ ಎಂಬ ದೂರು

ನಿಂತಾಗಲೇ ಬಾಸ್ ಇಲ್ಲದಿದ್ದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲು ಬದಲಾಗಿರುವ ಸಾಧ್ಯತೆ ಹೆಚ್ಚು. ಆಗ ಒಂದು ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ತಗ್ಗು ಸ್ವರಗಳು ಒಂದನ್ನೊಂದು ನುಂಗಿಬಿಡುತ್ತವೆ. ಸ್ಪೀಕರುಗಳ ವೈರು ಕಳಚಿ, ಪೆನ್ಸಿಲ್ ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಅರೆಕ್ಷಣ ಮುಟ್ಟಿಸಿ. ಎರಡೂ ಕೋನುಗಳು ಹೊರಕ್ಕೇ ಜಿಗಿಯಬೇಕು. ಗುರುತು ಅಳಿಸಿದ ಸ್ಪೀಕರಿನಲ್ಲಿ ಹೊರಕ್ಕೆ ಜಿಗಿದ ಸಂಪರ್ಕವೇ ಪ್ಲಸ್.

ನಿಂತಾಗ ಇರುವ ಬಾಸ್ ಓಡುವಾಗ ಕಾಣೆಯಾಗುವುದು ದೋಷವಲ್ಲ. ಹೆಲ್ಮೆಟ್ ಸುತ್ತ ಸುಳಿಯುವ ಗಾಳಿಯ ಸದ್ದು ಹೆಚ್ಚಾಗಿ ತಗ್ಗು ಸ್ವರದ್ದೇ, ಅದು ಬಾಸನ್ನು ಮೊದಲು ಮುಚ್ಚುತ್ತದೆ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ ಒಳಗೇ 90 ಡೆಸಿಬೆಲ್ ದಾಟುತ್ತದೆ. ಅದರ ಮೇಲೆ ಹಾಡನ್ನು ಎತ್ತಲು ಹೋದರೆ ಲೆಕ್ಕ ಕೈಗೆ ಸಿಗುವುದಿಲ್ಲ: 3 ಡೆಸಿಬೆಲ್ ಏರಿಸಲು ಎರಡು ಪಟ್ಟು ವ್ಯಾಟ್ ಬೇಕು, ಕಿವಿಗೆ ಎರಡರಷ್ಟು ಜೋರೆನಿಸುವ 10 ಡೆಸಿಬೆಲ್‌ಗೆ ಹತ್ತು ಪಟ್ಟು. ‘ಬಾಸ್ ಬೂಸ್ಟ್’ ಒತ್ತಿ ವಾಲ್ಯೂಮ್ ತುದಿಗೆ ಒಯ್ದವರ ಸ್ಪೀಕರಿನಲ್ಲಿ ಮೊದಲು ಒಡಕು, ಆಮೇಲೆ ಕಾಯಿಲ್ ಸುಟ್ಟ ವಾಸನೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ: ಓಡುವಾಗ ಹೇಗೂ ಕೇಳದ ಬಾಸನ್ನು ತಗ್ಗಿಸಿಬಿಡಿ. ಈಕ್ವಲೈಜರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಇಳಿಸಬಹುದು, ಅಥವಾ 4 ಓಮ್ ಸ್ಪೀಕರಿಗೆ ಸಾಲಾಗಿ 330 ಮೈಕ್ರೊಫ್ಯಾರಡ್‌ನ, ಪ್ಲಸ್ ಮೈನಸ್ ಭೇದವಿಲ್ಲದ ನಾನ್‌ಪೋಲಾರ್ ಕೆಪಾಸಿಟರ್ ಹಾಕಿದರೆ ಸುಮಾರು 120 ಹರ್ಟ್ಸ್‌ನಿಂದ ಕೆಳಗೆ ತಾನೇ ಇಳಿಯುತ್ತದೆ. ಹಾಡುಗಾರನ ಕಂಠ ಆಗ ಎಷ್ಟೋ ಬಿಡಿಸಿ ಕೇಳುತ್ತದೆ. ಹಿಂದಿನಿಂದ ಬರುವ ಲಾರಿಯ ಹಾರ್ನ್ ಕೇಳದಷ್ಟು ಜೋರು ಯಾವ ಹಾಡಿಗೂ ಬೇಡ. ಆಸ್ಪತ್ರೆ, ಶಾಲೆ, ಕೋರ್ಟುಗಳಿಗೆ 100 ಮೀಟರ್ ಒಳಗಿನ ಶಾಂತ ವಲಯದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಹಗಲಿನ ಮಿತಿ 50 ಡೆಸಿಬೆಲ್ ಎಂಬುದೂ ತಿಳಿದಿರಲಿ.

ನೀರು ಮತ್ತು ರಾತ್ರೋರಾತ್ರಿ ಇಳಿಯುವ ಬ್ಯಾಟರಿ

ವಾಟರ್ ವಾಶ್ ಮಾಡಿಸಿದ ಮೇಲೆ ಸದ್ದು ಗುಂಯ್ ಎಂದು ಮುಚ್ಚಿಕೊಂಡರೆ ಕೋನ್ ಒದ್ದೆಯಾಗಿದೆ, ಇಲ್ಲವೇ ಡಬ್ಬಿಯ ತಳದ ನೀರು ಹೋಗುವ ತೂತು ಧೂಳಿನಿಂದ ಕಟ್ಟಿದೆ. ಹಾಡು ಹಚ್ಚದೆ, ನೆರಳಿನಲ್ಲಿ ಒಣಗಲು ಬಿಡಿ. ಉರಿಬಿಸಿಲು ಕೋನಿನ ಅಂಟನ್ನು ಸಡಿಲಿಸುತ್ತದೆ. ಐಪಿ65 (ಧೂಳು, ನೀರು ತಡೆಯುವ ದರ್ಜೆ) ಎಂದು ಬರೆದ ಸ್ಪೀಕರ್ ನೀರಿನ ಸಾಧಾರಣ ಎರಚನ್ನು ತಡೆಯುತ್ತದೆ, ವಾಶಿಂಗ್ ಗನ್ನಿನ ಒತ್ತಡವನ್ನಲ್ಲ.

ಎರಡು ಮೂರು ದಿನ ನಿಂತ ಗಾಡಿ ಸೆಲ್ಫ್ ತೆಗೆದುಕೊಳ್ಳದಿದ್ದರೆ ಆಂಪ್ಲಿಫೈಯರ್ ಕೀಯನ್ನು ತಪ್ಪಿಸಿ ನೇರ ಬ್ಯಾಟರಿಗೆ ಜೋಡಣೆಯಾಗಿದೆಯೇ ನೋಡಿ. ಕೀ ಬಂದ್ ಮಾಡಿ, ಬ್ಯಾಟರಿಯ ಮೈನಸ್ ವೈರು ಕಳಚಿ, ಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿಟ್ಟು ವೈರಿಗೂ ಮೈನಸ್ ಟರ್ಮಿನಲ್ಲಿಗೂ ನಡುವೆ ಸೇರಿಸಿ. ಮೀಟರ್ ಹಾಗಿರುವಾಗ ಕೀ ತಿರುವಬೇಡಿ, ಸೆಲ್ಫ್ ಅಂತೂ ಒತ್ತಲೇಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಕೆಲವೇ ಮಿಲಿಆಂಪಿಯರ್ ಇದ್ದರೆ ಗಡಿಯಾರ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇವುಗಳ ಸಹಜ ಖರ್ಚು. 50 ಮಿಲಿಆಂಪಿಯರ್ ಇದ್ದರೆ ದಿನಕ್ಕೆ 1.2 ಆಂಪಿಯರ್–ಅವರ್ ಹೋಗುತ್ತದೆ, 5 ಆಂಪಿಯರ್–ಅವರ್ ಬ್ಯಾಟರಿಗೆ ಅದು ನಾಲ್ಕು ದಿನದ ಮಾತು. ಆಂಪ್ಲಿಫೈಯರಿನ ಫ್ಯೂಸ್ ಕಿತ್ತಾಗ ಅಂಕಿ ಬಿದ್ದರೆ ಕೀಯಿಂದ ನಡೆಯುವ ರಿಲೇ ಹಾಕಿಸುವುದೇ ದಾರಿ. ರಿಲೇಯ 86ಕ್ಕೆ ಕೀ ಕರೆಂಟನ್ನು ಹಾರ್ನ್ ಅಥವಾ ಟೇಲ್ ಲ್ಯಾಂಪಿನ ವೈರಿನಿಂದ ತೆಗೆದುಕೊಳ್ಳಬಹುದು. 2020ರ ಏಪ್ರಿಲ್ ನಂತರದ ಬಿಎಸ್–6 ಗಾಡಿಗಳಲ್ಲಿ ಸೆನ್ಸರಿಗೂ ಇಸಿಯುಗೂ ಹೋಗುವ ವೈರುಗಳನ್ನು ಸುಲಿಯಲೇಬಾರದು, ಎಂಜಿನ್ ಲೈಟ್ ಹತ್ತಿ ಹೊಸದೊಂದು ತಾಪತ್ರಯ ಶುರುವಾಗುತ್ತದೆ. ಕಾರ್ಖಾನೆಯ ಸ್ಪೀಕರ್ ಇರುವ, ವಾರಂಟಿ ಮುಗಿಯದ ಗಾಡಿಯಾದರೆ ಮೀಟರಿನ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಸರ್ವೀಸ್ ಸೆಂಟರಿಗೆ ಒಯ್ಯಿರಿ, ಯಾವ ಸ್ಥಿತಿಯಲ್ಲಿ ದೋಷ ಕೇಳುತ್ತದೆ ಎಂಬುದನ್ನು ಜಾಬ್ ಕಾರ್ಡಿನಲ್ಲೇ ಬರೆಸಿ.